ಆರಿಸಿ ಬಂದ ಹೀಟರ್

ಸೂಟ್‌ಕೇಸಿನ ಜಿಪ್ಪು ಎಳೆಯುವ ಹೊತ್ತಿಗೆ ಸರಿಯಾಗಿ ವಾರಗಿತ್ತಿಯ ಫೋನು ಬಂತು. ಹೊಸ ದೇಶಕ್ಕೆ ಬಂದ ಮೇಲೆ ಇದು ಮೊದಲ ಚಳಿಗಾಲದ ರಜೆ. ಗಂಡ, ಹೆಂಡತಿ, ಮಗಳು ಮೂವರೂ ಭಾವನ ಮನೆಗೆ ಹೊರಟಿದ್ದರು.

"ಹೊರಟ್ರಾ? ನೋಡೇ, ಏನು ಆರಿಸಿದ್ರೂ ಹೀಟರ್ ಮಾತ್ರ ಆರಿಸ್ಬೇಡ. ಸಣ್ಣಗಿಟ್ಟು ಬಾ. ಇಲ್ಲಾಂದ್ರೆ ಪೈಪಲ್ಲಿ..."

"ಗೊತ್ತಕ್ಕ, ಗೊತ್ತು," ಎಂದು ಕಿರಿಯವಳು ಫೋನಿಟ್ಟಳು. ಗೊತ್ತೇನು ಮಣ್ಣು! ಅವಳಿಗೆ ಕೇಳಿಸಿದ್ದೇ ಬೇರೆ: ಯಾರೂ ಇಲ್ಲದ ಮನೆಯನ್ನೂ ಬೆಚ್ಚಗಿಡುವಷ್ಟು ಅನುಕೂಲಸ್ಥರು ನಾವು ಎಂಬ ಜಂಬ. "ನಮಗಿಂತ ಮುಂಚೆ ಬಂದುಬಿಟ್ರೆ ದೇಶವೇ ಇವರದ್ದಾಗುತ್ತಾ?" ಎಂದು ಗೊಣಗುತ್ತ, ತವರಿನಲ್ಲಿ ಊರಿಗೆ ಹೊರಡುವಾಗ ಅಮ್ಮ ಮಾಡುತ್ತಿದ್ದಂತೆ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ಮುಟ್ಟಿ ಆರಿಸಿದಳು. ಕೊನೆಗೆ ಹೀಟರನ್ನೂ ಆರಿಸಿ, ಬೀಗ ಹಾಕಿ, ಬಾಗಿಲನ್ನೊಮ್ಮೆ ಜಗ್ಗಿ ನೋಡಿ ಕಾರು ಹತ್ತಿದಳು.

ಭಾವನ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಬಿಸುಪು. ಬಚ್ಚಲಿನ ನೆಲ ಕೂಡ ಬೆಚ್ಚಗೆ! ಹೊರಗೆ ಹಿಮ ಸುರಿಯುತ್ತಿದ್ದರೆ ಹಿರಿಯವಳು ಒಳಗೆ ತೆಳು ಹತ್ತಿಯ ಚೂಡಿದಾರದಲ್ಲಿ ಓಡಾಡುತ್ತ, ಯಾರು ಬಾಗಿಲು ತೆರೆದರೂ "ಹಾಕಿ, ಹಾಕಿ, ಬಿಸಿಯೆಲ್ಲ ಹೋಗುತ್ತೆ" ಎಂದು ಕೂಗುತ್ತಿದ್ದಳು. ಅದೂ ಕಿರಿಯವಳಿಗೆ ಜಂಬವಾಗಿಯೇ ಕೇಳಿಸಿತು. ತಿರುಗಾಡಲು ಹೊರಟಾಗ ಹಿರಿಯವಳು ತನ್ನ ಹಳೆಯ ಕೋಟು ತಂದು, "ಹಾಕ್ಕೋ, ನಿಂದು ತೀರಾ ತೆಳು" ಅಂದಳು. ಹಾಳಾದ್ದು, ಅವಳ ಹಳೆಯದು ತನ್ನ ಹೊಸದಕ್ಕಿಂತ ಚೆನ್ನಾಗಿತ್ತು. ಕಿರಿಯವಳು ಅದನ್ನು ಮುಟ್ಟಲೂ ಇಲ್ಲ. ತನ್ನದನ್ನೇ ಹಾಕಿಕೊಂಡು ಹಲ್ಲು ಕಟಕಟ ಎನಿಸುತ್ತ ಬೀದಿ ಸುತ್ತಿ ಬಂದಳು. ಅಂಥ ಚಳಿಯಲ್ಲೂ ಹೊಟ್ಟೆಯೊಂದು ಮಾತ್ರ ಧಗಧಗ ಉರಿಯುತ್ತಿತ್ತು.

ಗಂಡನೋ, ಸೋಫಾದಲ್ಲಿ ಕಾಲು ಚಾಚಿ, "ಅತ್ತಿಗೆ, ಮನೆ ಅಂದ್ರೆ ಇದು!" ಎಂದು ಹೊತ್ತಿಗೊಂದು ಸಲ ಹೊಗಳುತ್ತಿದ್ದ. ಅದನ್ನಾದರೂ ಹೇಗೋ ನುಂಗಿಕೊಂಡಿದ್ದಳು. ಆದರೆ ಒಂದು ಬೆಳಿಗ್ಗೆ, ದೊಡ್ಡಮ್ಮನ ಮುಂದೆ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದ ಮಗಳು, "ಅಮ್ಮಾ, ನೀವಿಬ್ರೂ ಮನೆಗೆ ಹೋಗಿ. ನಾನು ಇಲ್ಲೇ ಇರ್ತೀನಿ" ಅಂದುಬಿಟ್ಟಳು.

"ಇವತ್ತೇ ಹೊರಡೋಣ," ಎಂದು ಕಿರಿಯವಳು ಗಂಡನನ್ನು ಕೋಣೆಗೆ ಎಳೆದು ಹೇಳಿದಳು.

"ರಜೆ ಇನ್ನೂ ಅರ್ಧ ಇದೆಯಲ್ಲೇ!"

"ಯಾಕೆ, ನಮಗೇನು ಮನೆ ಮಠ ಇಲ್ವಾ?"

ಕಾರು ಹತ್ತುವಾಗ ಹಿರಿಯವಳು ಕಿಟಕಿಗೆ ಬಾಗಿ ಕೇಳಿದಳು: "ಹೀಟರ್ ಸಣ್ಣಗಿಟ್ಟು ಬಂದಿದೀಯ ತಾನೇ?"

"ಅಯ್ಯೋ, ಅಷ್ಟೂ ತಿಳಿಯಲ್ವಾ ಅಕ್ಕ ನಂಗೆ?" ಕಿರಿಯವಳು ನಗುನಗುತ್ತಲೇ ಸುಳ್ಳು ಹೇಳಿದಳು.

ತಮ್ಮ ಮನೆ ತಲುಪಿದರೆ ಒಳಗೆ ಬೀದಿಯಷ್ಟೇ ಚಳಿ. ನಲ್ಲಿ ತಿರುಗಿಸಿದರೆ ತೊಟ್ಟು ನೀರಿಲ್ಲ. ಹೀಟರನ್ನು ಪೂರ್ತಿ ಜೋರು ಮಾಡಿ, "ನೋಡ್ತಿರಿ, ನಮ್ಮನೇನೂ ಹೇಗೆ ಬೆಚ್ಚಗಾಗುತ್ತೆ" ಎಂದಳು. ಆಯಿತು, ಬೆಚ್ಚಗೇನೋ ಆಯಿತು. ಪೈಪಿನೊಳಗೆ ಹೆಪ್ಪುಗಟ್ಟಿ, ಉಬ್ಬಿ, ಪೈಪನ್ನೇ ಸೀಳಿಟ್ಟಿದ್ದ ನೀರು ಕರಗಿ ಅಡುಗೆಮನೆಯ ಗೋಡೆಯಿಂದ ಭುಸ್ಸನೆ ಚಿಮ್ಮಿತು. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆಯೆಂದು ಗಂಡ ಹುಡುಕುವಷ್ಟರಲ್ಲಿ ಕಾರ್ಪೆಟ್ಟು, ಹಾಸಿಗೆ, ಮಗಳ ಶಾಲೆಯ ಚೀಲ ಎಲ್ಲವೂ ತೊಪ್ಪೆಯಾಗಿದ್ದವು. ಗಂಡ ಅಣ್ಣನಿಗೆ ಫೋನು ಮಾಡಿದ. "ಸುಮ್ನೆ ಇಲ್ಲಿಗೆ ಬನ್ನಿ" ಅಂದರು ಅಣ್ಣ.

"ನಾನು ಆರಿಸಿದ್ದೆ ಅಂತ ಮಾತ್ರ ಹೇಳ್ಬೇಡಿ, ನಿಮ್ಮ ದಮ್ಮಯ್ಯ," ಎಂದು ಕಿರಿಯವಳು ಗಂಡನಲ್ಲಿ ಅಂಗಲಾಚಿದಳು. ಮನೆ ಹೋದರೆ ಹೋಗಲಿ, ವಾರಗಿತ್ತಿಯೆದುರು ಮಾನವೊಂದು ಉಳಿದರೆ ಸಾಕಿತ್ತು.

ಬಾಗಿಲು ತೆರೆದವಳು ಹಿರಿಯವಳೇ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನು ಕಿರಿಯವಳು ಮೆಟ್ಟಿಲ ಮೇಲೇ ಒಪ್ಪಿಸಿದಳು. "ಅದೇನಾಯ್ತೋ ಅಕ್ಕ, ಹೀಟರ್ ತಾನಾಗೇ ಕೆಟ್ಟು..."

"ಆರಿಸಿದ್ದೆ, ಅಲ್ವಾ?"

ಇನ್ನು ಉಗಿಸಿಕೊಳ್ಳುವುದೊಂದೇ ಬಾಕಿ ಎಂದು ಕಿರಿಯವಳು ತಲೆ ತಗ್ಗಿಸಿ ನಿಂತಳು.

"ನಮ್ಮ ಮೊದಲನೇ ಚಳಿಗಾಲ ನಾನೂ ಆರಿಸಿ ಹೋಗಿದ್ದೆ ಕಣೇ. ರಜೆ ಅಂತ ರಿಪೇರಿಯವನೂ ಬರ್ಲಿಲ್ಲ. ಪರಿಚಯ ಅಂತ ಒಂದು ನರಪಿಳ್ಳೆ ಇರ್ಲಿಲ್ಲ ಈ ಊರಲ್ಲಿ. ಕಾರಲ್ಲೇ ಮುದುಡಿಕೊಂಡು ಬೆಳಗು ಮಾಡಿದ್ವಿ ಇಬ್ರೂ."

ಬಾಗಿಲು ಪೂರ್ತಿ ತೆರೆದಿತ್ತು. ಮನೆಯ ಬಿಸಿಯೆಲ್ಲ ಬೀದಿಪಾಲಾಗುತ್ತಿದ್ದರೂ ಹಿರಿಯವಳಿಗೆ ಅದರ ಪರಿವೆಯೇ ಇರಲಿಲ್ಲ.

"ನೀನು ಬಂದಾಗಿಂದ ನಿನ್ನ ನೋಡಿದ್ರೆ ನಂಗೆಷ್ಟು ಹೊಟ್ಟೆಯುರಿ ಗೊತ್ತಾ?"

"ನನ್ನ ನೋಡಿದ್ರೆ ಹೊಟ್ಟೆಯುರಿನಾ?" ಕಿರಿಯವಳು ತಲೆಯೆತ್ತಿದಳು. "ನನ್ನ ಹತ್ರ ಏನಿದೆ ಅಕ್ಕ?"

"ನಿಂಗೆ ನಾನಿದ್ದೀನಿ," ಅಂದಳು ಹಿರಿಯವಳು. "ನಂಗೆ ಯಾರಿದ್ರು?"