ಶಿಫ್ಟ್ ಮೇಲಿನ ಕಿರುಬೆರಳು

"ಕುಟ್ಟಿ ಕುಟ್ಟಿ ಸಾಯಿಸಿಬಿಟ್ರಲ್ಲ ತಾತ! ಕೀಬೋರ್ಡೇ ಬದಲಾಯಿಸಬೇಕು," ಎಂದ ಪಕ್ಕದಂಗಡಿಯ ರಿಪೇರಿಯವನು. ಕಚೇರಿಯ ಬಾಗಿಲಲ್ಲಿ ನಲವತ್ತು ವರ್ಷ ಅರ್ಜಿ ಟೈಪು ಮಾಡಿದ ಮುದುಕರ ತಲೆ ತಗ್ಗಿತು. ಲ್ಯಾಪ್‌ಟಾಪಿನಲ್ಲಿ ಅಕ್ಷರ ಮೂಡದೆ ಅರ್ಜಿ ಅರ್ಧಕ್ಕೇ ನಿಂತಿತ್ತು. ಪಿಂಚಣಿ ಕೇಳಲು ಬಂದ ಹೆಂಗಸು ಎದುರಿಗೇ ಕೂತಿದ್ದಳು. ಅರ್ಜಿ ತೆಗೆದುಕೊಳ್ಳುವ ಕಿಟಕಿ ಇನ್ನರ್ಧ ಗಂಟೆಗೆ ಮುಚ್ಚುತ್ತಿತ್ತು.

ಆ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟವಳು ಪಕ್ಕದಲ್ಲೇ ನಿಂತಿದ್ದ ಮೊಮ್ಮಗಳು. ಅವಳು ಬ್ಯಾಗಿನಿಂದ ಬೇರೊಂದು ಕೀಬೋರ್ಡು ತೆಗೆದು ಸಿಕ್ಕಿಸಿದಳು. ಅದರಲ್ಲೂ ಅಕ್ಷರ ಮೂಡಲಿಲ್ಲ. "ಎರಡೂ ಒಟ್ಟಿಗೇ ಸಾಯಲ್ಲ ಅಣ್ಣ," ಎಂದವಳು ತಾತನ ಕಡೆ ತಿರುಗಿದಳು. "ಕೆಟ್ಟೋಗೋ ಮುಂಚೆ ಕೈ ಹೇಗಿಟ್ಕೊಂಡಿದ್ರಿ? ಹಾಗೇ ಇಡಿ ನೋಡೋಣ."

ಮುದುಕರ ಎಡಗೈ ಕಿರುಬೆರಳು ತಾನಾಗಿಯೇ ಹೋಗಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಿತು. ಮುಂದಿನ ವಾಕ್ಯ ಹೊಳೆಯುವವರೆಗೆ ಹಾಗೆ ಹಿಡಿದು ಕಾಯುವುದು ಅವರ ಟೈಪ್‌ರೈಟರ್ ಕಾಲದ ಅಭ್ಯಾಸ. ಮೊಮ್ಮಗಳು ನಕ್ಕುಬಿಟ್ಟಳು. "ಎಂಟು ಸೆಕೆಂಡು ಹೀಗೆ ಹಿಡಿದ್ರೆ, ಪಾಪ ಇವರ ಕೈ ನಡುಗುತ್ತೆ ಅಂದ್ಕೊಂಡು, ಬೇಗ ಒತ್ತಿದ್ದನ್ನೆಲ್ಲ ಲೆಕ್ಕಕ್ಕೇ ತಗೊಳ್ಳಲ್ಲ ಈ ಕಂಪ್ಯೂಟರು. ಇನ್ನೊಂದ್ಸಲ ಹಿಡಿದ್ರೆ ಸರಿಹೋಗುತ್ತೆ. ಬಿಡ್ಬೇಡಿ."

"ನನ್ನ ಕೈ ನಡುಗುತ್ತಂತಾ!" ಎಂದು ಮುದುಕರು ಎಂಟು ಎಣಿಸಿ ಬೆರಳೆತ್ತಿದರು. ಆಮೇಲೆ ಅಕ್ಷರಗಳು ಪಟಪಟನೆ ಬೀಳತೊಡಗಿದವು. ರಿಪೇರಿಯವನು ತಲೆ ಕೆರೆದುಕೊಂಡ. "ಇನ್ನೊಂದ್ಸಲ ಹೇಳಮ್ಮ, ಯಾವ ಕೀಲಿ, ಎಷ್ಟು ಸೆಕೆಂಡು?" ಮುದುಕರು ಟೈಪು ನಿಲ್ಲಿಸದೆ, ಎದೆ ಸೆಟೆಸಿ, "ಕೈಕಟ್ಟಿ ನಿಂತು ಕೇಳ್ಕೋ. ನಾನೂ ಇವಳ ಹತ್ರ ಹಾಗೇ ಕಲಿಯೋದು," ಎಂದರು.