ಪಕ್ಕದ ಸೀಟಿನ ಫೂಮಿ ಅಜ್ಜಿ

ಹಿಂದೆ ಪೊಲೀಸ್ ಬೈಕಿನ ನೀಲಿ ದೀಪ ಮಿನುಗಿದಾಗ ಚಂದ್ರಮೌಳಿ ಮೊದಲು ನೋಡಿದ್ದು ಕನ್ನಡಿಯನ್ನಲ್ಲ, ಪಕ್ಕದ ಸೀಟನ್ನು.

ಫೂಮಿ ಅಜ್ಜಿ ನೆಟ್ಟಗೆ ಕೂತಿದ್ದಳು. ಹುಬ್ಬಿನವರೆಗೆ ಇಳಿದ ಹೊಲದ ಟೋಪಿ, ಗಲ್ಲದ ಕೆಳಗೆ ಗಂಟು ಹಾಕಿದ ಹೂವಿನ ಬಟ್ಟೆ, ಮಾಸ್ಕ್, ಬಿಳಿ ಗ್ಲೌಸು. ದಿನವೂ ತಿರುವುಗಳಲ್ಲಿ ಅವನ ಹೆಗಲ ಮೇಲೆ ವಾಲುತ್ತಿದ್ದವಳು ಇವತ್ತು ಒಮ್ಮೆಯೂ ವಾಲಿರಲಿಲ್ಲ. ಸದ್ಯ, ಬೆಲ್ಟು ಬಿಗಿಯಾಗಿದೆ ಎಂದುಕೊಂಡ.

ಫೂಮಿ ಅಜ್ಜಿ ಎಂದರೆ ಭತ್ತದ ಹುಲ್ಲು, ಹಳೆಯ ಪೇಪರು ತುಂಬಿದ ಗೊಂಬೆ. ಅಮೆರಿಕದ ರೆಂಟನ್‌ನಿಂದ ಬೆಲ್ವ್ಯೂಗೆ, ಅವನ ಆಫೀಸಿಗೆ, ಹೋಗುವ ದಾರಿಯಲ್ಲಿ, ಕಾರಿನೊಳಗೆ ಇಬ್ಬರಿದ್ದರೆ ಮಾತ್ರ ಕಾರ್‌ಪೂಲ್ ಲೇನು. ಒಂಟಿ ಜೀವಗಳು ಪಕ್ಕದ ಲೇನುಗಳಲ್ಲಿ ತೆವಳುವಾಗ ಚಂದ್ರಮೌಳಿ ಅಜ್ಜಿಯನ್ನು ಕೂರಿಸಿಕೊಂಡು ಸೊಯ್ಯನೆ ಹೋಗುತ್ತಿದ್ದ. ತಾನು ಬಲು ಬುದ್ಧಿವಂತ ಎಂಬುದು ಅವನ ಗಟ್ಟಿ ನಂಬಿಕೆ.

ಅಜ್ಜಿ ಸಿಕ್ಕಿದ್ದು ಜಪಾನಿನ ಕಾಮಿನೋಸೆ ಎಂಬ ಬೆಟ್ಟದ ಊರಿನಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, ಬೆರಳೆಣಿಕೆಯ ಮುದುಕರು, ಅವರಿಗಿಂತ ಹೆಚ್ಚು ಗೊಂಬೆಗಳು. ಯಾರಾದರೂ ಊರು ಬಿಟ್ಟರೆ ಅಥವಾ ಸತ್ತರೆ, ಅವರ ಹಳೆಯ ಬಟ್ಟೆಗೆ ಹುಲ್ಲು ತುಂಬಿ ಗದ್ದೆಯ ಬದುವಿನಲ್ಲೋ ಬಸ್ ಸ್ಟಾಪಿನಲ್ಲೋ ಕೂರಿಸುತ್ತಾರೆ. ದಾಟಿ ಹೋಗುವವರು ಸುಮ್ಮನೆ ಹೋಗುವಂತಿಲ್ಲ. ಬೆಳೆ ಹೇಗಿದೆ, ಸೊಸೆ ಏನಂದಳು, ಎಲ್ಲವನ್ನೂ ನಿಂತು ಹೇಳಿ ಹೋಗಬೇಕು.

ಪ್ರವಾಸಿಗಳಿಗೂ ಗೊಂಬೆ ಕಟ್ಟಲು ಕಲಿಸುತ್ತಿದ್ದರು. ಅಳತೆಗೆ ಚಂದ್ರಮೌಳಿಯ ಹೆಂಡತಿ ಶಾಮಲಾ ನಿಂತಳು. ಕಟ್ಟಿ ಮುಗಿದ ಮೇಲೆ ಅವಳಿಗೇ ಅದರ ಮೋರೆ ಹಿಡಿಸಲಿಲ್ಲ. “ಇದು ನನ್ ಮನೆ ಒಳಗೆ ಬರಬಾರ್ದು, ಅಷ್ಟೆ,” ಎಂದಳು. ಹಾಗಾಗಿ ಅಜ್ಜಿ ಕಾರಿನಲ್ಲಿ ಉಳಿದಳು.

ಆ ಊರಿನ ಪದ್ಧತಿಯನ್ನು ಚಂದ್ರಮೌಳಿ ಬಿಡದೆ ನಡೆಸಿಕೊಂಡು ಬಂದ. ಬೆಳಿಗ್ಗೆ ಹೊರಟರೆ ಬೆಲ್ವ್ಯೂ ತನಕ ಅಜ್ಜಿಗೆ ವರದಿ. ಹೆಂಡತಿಗೆ ಹೇಳಲಾಗದ್ದೆಲ್ಲ ಅಜ್ಜಿಗೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು: ಕಾಮಿನೋಸೆಯಲ್ಲಿ ಪಾಳು ಬಿದ್ದಿದ್ದ ಒಂದು ಮನೆಯನ್ನು, ಅದರ ಗದ್ದೆಗಳ ಸಮೇತ, ಅವನು ಕೊಂಡುಬಿಟ್ಟಿದ್ದ. ಪರದೆಯ ಬಣ್ಣಕ್ಕೂ ತಿಂಗಳುಗಟ್ಟಲೆ ಯೋಚಿಸುವ ಶಾಮಲಾಳಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ನಿನ್ನೆ ಸಂಜೆ ಅವಳು ಕೇಳಿದ್ದಳು, “ಗ್ಯಾರೇಜಲ್ಲಿ ಅಷ್ಟ್ ಹೊತ್ತು ಯಾರ್ ಜೊತೆ ಮಾತಾಡ್ತಿದ್ರಿ?”

“ಆಫೀಸ್ ಕಾಲು.”

ಅವನ ಫೋನು ಅಡುಗೆಮನೆ ಕಟ್ಟೆಯ ಮೇಲೆ ಚಾರ್ಜ್ ಆಗುತ್ತಿತ್ತು. ಶಾಮಲಾ ಅದನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಇವತ್ತು ಬೆಳಿಗ್ಗೆ ಅವಳು ಕೂತು ಕೆಲಸ ಮಾಡುವ ಕೋಣೆಯ ಬಾಗಿಲು ಮುಚ್ಚಿತ್ತು. ಬೇಗ ಮೀಟಿಂಗ್ ಇರಬೇಕೆಂದು ಚಂದ್ರಮೌಳಿ ಬೆಕ್ಕಿನ ಹೆಜ್ಜೆಯಲ್ಲಿ ಇಳಿದು, ಗ್ಯಾರೇಜಿನ ದೀಪ ಹಾಕದೆಯೇ ಕಾರು ತೆಗೆದಿದ್ದ.

ಈಗ ಪೊಲೀಸಪ್ಪ ಕಿಟಕಿಯ ಹತ್ತಿರ ಬಂದ. ದಂಡದ ಟಿಕೆಟ್ ಮನೆಗೆ ಬಂದರೆ ಶಾಮಲಾ ಕೇಳುತ್ತಾಳೆ, ಅವಳು ಒಂದು ಕೇಳಿದರೆ ತಾನು ಹತ್ತು ಬಾಯಿಬಿಡುತ್ತೇನೆ ಎಂದು ಚಂದ್ರಮೌಳಿಗೆ ಗೊತ್ತಿತ್ತು. ಮಳೆಗೋ ಏನೋ, ಎಂದೂ ಇಲ್ಲದಂತೆ ಗಾಜಿನ ಒಳಗೆಲ್ಲ ಮಂಜು ಕಟ್ಟಿತ್ತು. ಅದು ಹಾಗೇ ಇರಲಿ ಎಂದು ಬೇಡಿಕೊಂಡ.

ಪೊಲೀಸಪ್ಪ ಬಗ್ಗಿ ಟಾರ್ಚ್ ಬಿಟ್ಟ. ಚಂದ್ರಮೌಳಿ ಕಣ್ಣು ಮುಚ್ಚಿಕೊಂಡ.

“ನಿಮ್ಮ ಹಿಂದಿನ ಒಂದು ದೀಪ ಉರೀತಿಲ್ಲ,” ಎಂದ ಅವನು ಇಂಗ್ಲಿಷಿನಲ್ಲಿ. ಟಾರ್ಚು ಪಕ್ಕದ ಸೀಟಿನಲ್ಲೇ ನಿಂತಿತ್ತು. “ಇವರು ದಿನಾ ನಿಮ್ಮ ಜೊತೆ ಬರ್ತಾರಾ?”

“ದಿನಾ. ವಯಸ್ಸಾಗಿದೆ. ಮಾತು ಕಮ್ಮಿ.”

“ಪಾಪ, ನಡುಗ್ತಿದ್ದಾರೆ. ಹೀಟರ್ ಜಾಸ್ತಿ ಮಾಡಿ.”

ಪೊಲೀಸಪ್ಪ ಹೋದ ಮೇಲೆ ಚಂದ್ರಮೌಳಿಗೆ ನಗು ತಡೆಯಲಾಗಲಿಲ್ಲ. ಎಂಜಿನ್ನಿನ ಅದುರಾಟಕ್ಕೆ ಗೊಂಬೆ ಅಲ್ಲಾಡಿದರೆ ಚಳಿ ಅಂತಾನೆ, ಇವನಿಗೆ ಕೆಲಸ ಕೊಟ್ಟವರಾರು? ಆದರೂ ಹೀಟರ್ ಜಾಸ್ತಿ ಮಾಡಿದ. ಕಾರು ಮತ್ತೆ ಲೇನಿಗೆ ಸೇರಿತು. ಬದುಕಿಕೊಂಡ ಸಂತೋಷಕ್ಕೆ ನಾಲಿಗೆ ಸಡಿಲವಾಯಿತು.

“ನೋಡಜ್ಜಿ, ಮಾನ ಉಳಿಸ್ದೆ. ಇವತ್ತು ಮ್ಯಾನೇಜರ್‌ಗೆ ಹೇಳ್ಬಿಡ್ತೀನಿ, ಕೆಲಸ ಬಿಡ್ತೀನಿ ಅಂತ. ಮನೆ ಕೀ ಕಳಿಸಿದ್ದಾರೆ. ನಿಮ್ಮೂರವನೇ ಆಗೋದೆ.”

ಅಜ್ಜಿ ಎಂದಿನಂತೆ ಸುಮ್ಮನಿದ್ದಳು. ಕೇಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

“ಅವಳಿಗೆ ಹೇಳೋದೊಂದೇ ಬಾಕಿ. ಭಯ ಆಗುತ್ತಜ್ಜಿ. ಬೈದ್ರೆ ಬೈಸ್ಕೋತೀನಿ. ‘ನೀವ್ ಹೋಗಿ, ನಾನ್ ಬರಲ್ಲ’ ಅಂದ್ಬಿಟ್ರೆ? ಅವಳಿಲ್ದೆ ನಾನು ಅಲ್ಲಿ ಒಂದ್ ವಾರಾನೂ ಇರಲ್ಲ. ಗದ್ದೆ ಬದುವಲ್ಲಿ ಕೂತು ಗೊಂಬೆಗಳ ಜೊತೆ ಮಾತಾಡೋಕೆ ನನಗೇನ್ ಹುಚ್ಚಾ? ಅವಳು ಬರಲ್ಲ ಅಂದ್ರೆ ಮನೆ ಮಾರ್ಬಿಡ್ತೀನಿ. ಇದನ್ನ ಅವಳೆದುರು ನಿಂತು ಹೇಳೋಕೆ ಬಾಯೇ ಬರಲ್ಲ ನೋಡು.”

ಅವನು ಮಂಜಾದ ಗಾಜನ್ನು ಅಂಗೈಯಿಂದ ಒರೆಸಿದ. ಎದುರಿಗೆ ಬೆಲ್ವ್ಯೂವಿನ ಎತ್ತರದ ಕಟ್ಟಡಗಳ ದೀಪಗಳು ಕಾಣಿಸಿಕೊಂಡವು.

ಫೂಮಿ ಅಜ್ಜಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, “ಆ ಮನೇಲಿ ಅಡುಗೆಮನೆ ಯಾವ ದಿಕ್ಕಿಗಿದೆ ರೀ?” ಎಂದಳು.