ಗಡಿಯ ಗೆಡ್ಡೆಗಳು

“ಸಿಕ್ತು ನೋಡವ್ವ, ಕಳ್ಳನ ಉಗ್ರಾಣ!” ಕಿಬೂಚಿ ಗೆಣಸಿನ ಪಾತಿಯಲ್ಲಿ ಬೋರಲು ಮಲಗಿ, ಬಿಲದೊಳಗೆ ಭುಜದವರೆಗೂ ತೋಳು ತೂರಿಸಿಕೊಂಡೇ ಕೂಗಿದ. ಹೆಗ್ಗಣ ಹಿಡಿಯುವುದರಲ್ಲಿ ಆ ಗುಡ್ಡದಲ್ಲೆಲ್ಲ ಅವನದೇ ಹೆಸರು. ಹೊಲದ ಒಡತಿ ನ್ಯಾಗುಥಿ ಅವನಿಗೆಂದು ಗಂಜಿಯ ಲೋಟ ಹಿಡಿದು ಬಂದಳು. ಹೆಗ್ಗಣ ಆಗಲೇ ಉರುಲಿಗೆ ಬಿದ್ದು ಸತ್ತಿತ್ತು. ಸಾಸಿವೆಯಂಥ ಕಣ್ಣು, ಉಳಿಯಂಥ ಕಿತ್ತಳೆ ಬಣ್ಣದ ಹಲ್ಲು.

“ಇದರ ಬುದ್ಧಿ ಏನು ಹೇಳ್ಲಿ! ಸುರಂಗಕ್ಕೆ ಒಂದು ತೂತು ಬಿದ್ರೆ ತಡೆಯೋಕಾಗಲ್ಲ ಇದಕ್ಕೆ. ಮುಚ್ಚೋಕೆ ಓಡಿ ಬರ್ತದೆ, ಉರುಲಿಗೆ ಕತ್ತು ಕೊಡ್ತದೆ. ಸುಮ್ನೆ ಒಳಗೇ ಇದ್ದಿದ್ರೆ ಮೊಮ್ಮಕ್ಕಳನ್ನ ನೋಡ್ತಿತ್ತು.”

“ನಿನ್ನಷ್ಟು ಬಾಯಿ ಇದ್ದಿದ್ರೆ ಒಳಗಿಂದಲೇ ಬೈದು ಓಡಿಸ್ತಿತ್ತು ಬಿಡು,” ಎಂದು ನ್ಯಾಗುಥಿ ನಕ್ಕಳು.

ಕಿಬೂಚಿ ಒಂದೊಂದೇ ಗೆಣಸು ಹೊರಗೆಸೆದ. ಆಮೇಲೆ ಒಂದಿಷ್ಟು ಬೇರು. ಆಮೇಲೆ ಅವನ ಕೈ ತಡೆಯಿತು, ನಗುವೂ ನಿಂತಿತು. “ಅವ್ವ... ಇದು ಗೆಣಸಲ್ಲ.” ಮುಷ್ಟಿ ಗಾತ್ರದ ಎರಡು ಲಿಲ್ಲಿ ಗೆಡ್ಡೆಗಳನ್ನು ತೆಗೆದು ಅವಳ ಕಾಲ ಬಳಿ ಇಟ್ಟ. ಮೈತುಂಬ ಹಲ್ಲಿನ ಗೀರು.

ಆ ಗುಡ್ಡದಲ್ಲಿ ಹೊಲ ಹೊಲದ ನಡುವೆ ಬೇಲಿಯಿಲ್ಲ, ಕಲ್ಲಿಲ್ಲ. ಸಾಲಾಗಿ ನೆಟ್ಟ ಆ ಲಿಲ್ಲಿಯೇ ಗಡಿ. ಅದನ್ನು ಕಿತ್ತವನ ಕೈಯಿಂದ ಯಾರೂ ನೀರು ಕೂಡ ಮುಟ್ಟುವುದಿಲ್ಲ. ಒಂಬತ್ತು ವರ್ಷದ ಹಿಂದೆ ನ್ಯಾಗುಥಿಯ ಹೊಲಕ್ಕೂ ಮೈದುನ ಗಚಾವುವಿನ ಹೊಲಕ್ಕೂ ನಡುವೆ ಮೂರು ಲಿಲ್ಲಿ ಕಾಣೆಯಾಗಿದ್ದವು. “ಅಣ್ಣ ಮಣ್ಣಾಗಿ ವರ್ಷ ಆಗಿಲ್ಲ, ಆಗಲೇ ಅತ್ತಿಗೆ ಹೊಲಕ್ಕೆ ಕೈ ಹಾಕಿದ,” ಎಂದು ಅವಳು ಹಿರಿಯರನ್ನು ಕೂಡಿಸಿದ್ದಳು. ಪಾದ್ರಿ ಬೇಡವೆಂದರೂ ಕೇಳದೆ ಆಣೆಯೇ ಆಗಬೇಕೆಂದು ಹಟ ಹಿಡಿದಿದ್ದಳು. ಗಚಾವು ಹೋತದ ಮೂಳೆಗಳನ್ನು ಕಲ್ಲಿನಿಂದ ಜಜ್ಜುತ್ತ, “ನಾನು ಕಿತ್ತಿದ್ದರೆ ನನ್ನ ಮನೆ ಹೀಗೇ ಮುರಿಯಲಿ,” ಎಂದಿದ್ದ. ಐದೇ ತಿಂಗಳಿಗೆ ಅವನ ಹನ್ನೊಂದು ವರ್ಷದ ಮಗಳು ಮುಗುರೆ ಮೂರು ದಿನದ ಜ್ವರದಲ್ಲಿ ಹೋದಳು. ಸುಳ್ಳು ಆಣೆಯ ಫಲವೆಂದುಕೊಂಡು ಆಮೇಲೆ ಯಾರೂ ಏನೂ ಕೇಳಲಿಲ್ಲ. ಕೇಳುವುದು ಏನು ಉಳಿದಿತ್ತು? ಅವನ ಹೆಂಡತಿ ಕೂಡ ತನ್ನ ಅಡುಗೆಯ ಮಡಕೆ ಎತ್ತಿಕೊಂಡು ತವರಿಗೆ ಹೊರಟುಹೋದಳು. ಹಿರಿಯರು ಹೊಸ ಗೆಡ್ಡೆ ನೆಟ್ಟರು. ಹೋದ ವಾರ ಅದರಲ್ಲಿ ಎರಡು ಮತ್ತೆ ಕಾಣೆಯಾದಾಗ, “ಮಗಳನ್ನ ನುಂಗಿದ್ದು ಸಾಲದೇನೋ ಇವನಿಗೆ,” ಎಂದು ನ್ಯಾಗುಥಿ ಚರ್ಚಿನ ಹೆಂಗಸರ ಮುಂದೆ ಆಡಿದ್ದಳು.

“ನಾನ್ಯಾರಿಗೂ ಹೇಳಲ್ಲವ್ವ,” ಎಂದ ಕಿಬೂಚಿ ಮೆಲ್ಲಗೆ. “ವಾಪಸ್ ಒಳಗೆ ಹಾಕಿ ಮುಚ್ಚಿಬಿಡ್ಲಾ?”

“ಬೇಡ.” ಅವಳು ಗೆಡ್ಡೆಗಳನ್ನು ಸೊಂಟದ ವಸ್ತ್ರದಲ್ಲಿ ಕಟ್ಟಿಕೊಂಡಳು. ಗಂಜಿಯ ಲೋಟ ಅಲ್ಲೇ ಮಣ್ಣಿನ ಮೇಲೆ ಉಳಿಯಿತು.

ಗಚಾವು ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದ. ಗಡಿ ದಾಟಿ ಬಂದ ಅತ್ತಿಗೆಯನ್ನು ಕಂಡು ಕತ್ತಿ ಕೆಳಗಿಟ್ಟ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತುಹೋಯಿತು. ಗೆಡ್ಡೆಗಳನ್ನು ಹುಲ್ಲಿನ ಮೇಲೆ ಸುರಿದಳು.

“ಹೆಗ್ಗಣ ಕಣೋ ಗಚಾವು. ಆವತ್ತೂ ಹೆಗ್ಗಣವೇ. ನೀನಲ್ಲ. ಹಿರಿಯರನ್ನ ಕರೆಸ್ತೀನಿ, ಚರ್ಚಲ್ಲಿ ಎಲ್ಲರ ಮುಂದೆ ನಿಂತು ಹೇಳ್ತೀನಿ. ನಿನ್ನ ಹೆಂಡತಿ ತವರಿಗೂ ನಾನೇ ಹೋಗ್ತೀನಿ, ಕಾಲು ಹಿಡೀತೀನಿ.”

ಗಚಾವು ಒಂದು ಗೆಡ್ಡೆ ಎತ್ತಿಕೊಂಡು ಹಲ್ಲಿನ ಗೀರಿನ ಮೇಲೆ ಹೆಬ್ಬೆರಳು ಆಡಿಸಿದ.

“ಆ ವರ್ಷ ಕುಡೀತಿದ್ದೆ ಅತ್ತಿಗೆ, ನಿಂಗೂ ಗೊತ್ತು. ಆಣೆ ಮಾಡುವಾಗ ಕಿತ್ತಿಲ್ಲ ಅಂತಲೇ ಇತ್ತು ಮನಸ್ಸಲ್ಲಿ. ಮಗು ಹೋದ ಮೇಲೆ... ಕುಡಿದ ಮತ್ತಲ್ಲಿ ನಾನೇ ಕಿತ್ತಿರಬೇಕು ಅಂದ್ಕೊಂಡೆ. ಕಿತ್ತಿದ್ದು ನೆನಪಿಗೂ ಬರೋಕೆ ಶುರುವಾಯ್ತು. ಒಂಬತ್ತು ವರ್ಷದಿಂದ ದಿನಾ ಆ ಮಗು ಹತ್ರ ತಪ್ಪಾಯ್ತು ಅಂತಿದ್ದೀನಿ.”

“ನೀನು ಕಿತ್ತಿಲ್ಲಪ್ಪ.”

“ಕಿತ್ತಿಲ್ಲ,” ಎಂದ ಗಚಾವು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಹಗುರವಾದ ಗುರುತೂ ಇರಲಿಲ್ಲ. ಕೈಯಲ್ಲಿದ್ದುದನ್ನೂ ಯಾರೋ ಕಸಿದುಕೊಂಡ ಹಾಗೆ ಅವಳನ್ನೇ ನೋಡಿದ.

“ಹಂಗಾದ್ರೆ ನನ್ನ ಮುಗುರೆ ಯಾಕೆ ಸತ್ಲು, ಅತ್ತಿಗೆ?”